ಪರೀಕ್ಷೆ ಮುಗಿದ ವಾರದ ಆಟ, ಹಾಡು, ಹಸೆ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಬಯಲು ಮಳೆಯ ವಶದಲ್ಲಿರುತ್ತದೆ. ಮಕ್ಕಳು ಜಗಲಿಯಲ್ಲಿ ನಿಂತು ಅದನ್ನು ನೋಡಬೇಕು, ಅಷ್ಟೆ. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಚೆನ್ನಾಗಿ ಓಡುವ ನಾಲ್ಕಾರು ಮಂದಿ, ಪ್ರತಿಭಾ ಕಾರಂಜಿಗೆ ಒಳ್ಳೆಯ ಕಂಠವಿರುವ ಇಬ್ಬರು ಮೂವರು ಹೋಗಿಬರುತ್ತಾರೆ. ಉಳಿದವರಿಗೆ ಅರ್ಧ ವರ್ಷ ಆಟವೂ ಇಲ್ಲ, ಹಾಡೂ ಇಲ್ಲ. ಅರ್ಧವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಶುರುವಾಗುವುದರೊಳಗೆ ಸಿಗುವ ಕೆಲವು ದಿನಗಳನ್ನು ನಾನು ಕಾದು ಕುಳಿತಿರುವುದು ಆ ಉಳಿದವರಿಗಾಗಿ.

ಸಾಗರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಗಣಿತ, ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ದೈಹಿಕ ಶಿಕ್ಷಣಕ್ಕಾಗಲಿ ಸಂಗೀತಕ್ಕಾಗಲಿ ಚಿತ್ರಕಲೆಗಾಗಲಿ ಬೇರೆ ಶಿಕ್ಷಕರಿಲ್ಲ. ಸಾಲದ್ದಕ್ಕೆ ಉತ್ತರಪತ್ರಿಕೆ ತಿದ್ದಿ ಅಂಕಗಳನ್ನು ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ತುಂಬುವ ಕೆಲಸವೂ ಅದೇ ವಾರದಲ್ಲಿ ಬರುತ್ತದೆ. ಎಲ್ಲವನ್ನೂ ಶಿಕ್ಷಕರೇ ಹೊತ್ತು ನಡೆಸುತ್ತೇವೆಂದು ಹೊರಟರೆ ಏನೂ ನಡೆಯುವುದಿಲ್ಲ. ಹೀಗಾಗಿ ಆಟದ ಅಂಕಣ ಹಾಕುವುದು, ಬಣ್ಣ ಅರೆಯುವುದು, ಶ್ರುತಿ ಹುಡುಕುವುದು, ತೀರ್ಪು ಕೊಡುವುದು ಎಲ್ಲವೂ ಮಕ್ಕಳ ಕೈಗೆ ಹೋದವು. ಮೊದಲು ಅದು ಅನಿವಾರ್ಯವಾಗಿತ್ತು. ಈಗ ನಾಳೆಯೇ ಮೂರು ಮಂದಿ ವಿಶೇಷ ಶಿಕ್ಷಕರನ್ನು ಕೊಟ್ಟರೂ ಈ ಕ್ರಮವನ್ನು ಬಿಡುವುದಿಲ್ಲ. ಕೊನೆಯ ದಿನದ ಪ್ರದರ್ಶನದಲ್ಲಿ ಮಕ್ಕಳು ಕಲಿಯುವುದು ಕಡಿಮೆ, ಅದರ ಸಿದ್ಧತೆಯಲ್ಲಿ ಕಲಿಯುವುದು ಬಹಳ. ಸಿದ್ಧತೆಯನ್ನೆಲ್ಲ ದೊಡ್ಡವರು ಮುಗಿಸಿ, ಬಾಡಿಗೆ ಉಡುಪು ತೊಡಿಸಿ, ಮಕ್ಕಳನ್ನು ತಂದು ವೇದಿಕೆಯ ಮೇಲೆ ನಿಲ್ಲಿಸುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಕೂಲಿ ಮಾಡುವ ಮನೆಯವರು ಆ ಉಡುಪಿಗೆ ಹಣ ಹೊಂದಿಸುವುದನ್ನೂ ಕಂಡಿದ್ದೇನೆ. ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ತಂಡಗಳನ್ನು ತರಗತಿಯ ಪ್ರಕಾರ ಮಾಡುವುದಿಲ್ಲ. ನಾಲ್ಕರಿಂದ ಏಳನೆಯ ತರಗತಿಯವರನ್ನು ಬೆರೆಸಿ ನಾಲ್ಕು ತಂಡ: ತುಂಗಾ, ಭದ್ರಾ, ಶರಾವತಿ, ವರಾಹಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡದೆ ಇದರಲ್ಲಿ ಗೆಲ್ಲಲು ಆಗುವುದಿಲ್ಲ. ಒಂದರಿಂದ ಮೂರನೆಯವರಿಗೆ ಲಗೋರಿ, ಕುಂಟೆಬಿಲ್ಲೆ ಸಾಕು, ಅಂಕ ಬೇಡ.

ಮೊದಲ ಕೆಲಸ ಬಯಲನ್ನು ಸರಿಮಾಡುವುದು. ನಾಲ್ಕು ತಿಂಗಳ ಮಳೆಯಲ್ಲಿ ಜಂಬಿಟ್ಟಿಗೆ ನೆಲದ ಮೇಲೆ ಪಾಚಿ ಕಟ್ಟಿರುತ್ತದೆ. ನೋಡಲು ಒಣಗಿದಂತಿದ್ದರೂ ಓಡುವ ಕಾಲಿಗೆ ಜಾರುತ್ತದೆ. ಸಲಿಕೆಯಿಂದ ಕೆರೆದು, ಹೊಳೆಯ ಮರಳು ಎರಚಿ, ಒಂದು ದಿನ ಬಿಸಿಲು ಕಾಣಿಸಬೇಕು. ಅಂಚಿನ ಹುಲ್ಲನ್ನು ಕೊಯ್ಯಿಸಲೇಬೇಕು, ಇಲ್ಲದಿದ್ದರೆ ಚೆಂಡು ಹುಡುಕಲು ಹೋದವರ ಕಾಲಿನಲ್ಲೆಲ್ಲ ರಕ್ತ ಹೀರುವ ಉಂಬಳ. ಪಾಚಿ ಕೆರೆಯುವುದನ್ನು ಪೋಷಕರ ಜೊತೆ ನಾವು ಮಾಡುತ್ತೇವೆ, ಮರಳು ಎರಚುವುದು ಮಕ್ಕಳ ಪಾಲು.

ಅಂಕಣ ಹಾಕುವುದು ಸಂಪೂರ್ಣವಾಗಿ ಏಳನೆಯ ತರಗತಿಯವರ ಕೆಲಸ. ಈ ಭಾಗದ ಬಗ್ಗೆ ಬರೆಯಲು ಕುಳಿತರೆ ನನಗೆ ನಿಲ್ಲಿಸಲು ಮನಸ್ಸಾಗುವುದಿಲ್ಲ. ಸಬ್ ಜೂನಿಯರ್ ಕಬಡ್ಡಿ ಅಂಕಣದ ಉದ್ದ 11 ಮೀಟರ್, ಅಗಲ 8 ಮೀಟರ್. ನಾಲ್ಕು ಗೆರೆ ಎಳೆದರೆ ಆಯತವಾಗುತ್ತದೆ ಎಂದು ಮಕ್ಕಳು ಭಾವಿಸುತ್ತಾರೆ. ಎಳೆಯಲು ಬಿಡುತ್ತೇನೆ. ದೂರ ನಿಂತು ನೋಡಿದಾಗ ಒಂದು ಮೂಲೆ ಚೂಪಾಗಿ, ಒಂದು ಮೂಲೆ ಅಗಲವಾಗಿ ಕಾಣಿಸುತ್ತದೆ. ಆಗ 12 ಮೀಟರ್ ಹಗ್ಗದ ಎರಡು ತುದಿ ಸೇರಿಸಿ ಗಂಟು ಹಾಕಿ, ಅಲ್ಲಿಂದ 3 ಮೀಟರ್‌ಗೊಂದು, 7 ಮೀಟರ್‌ಗೊಂದು ಗುರುತು ಮಾಡಲು ಹೇಳುತ್ತೇನೆ. ಮೂವರು ಗಂಟನ್ನೂ ಆ ಎರಡು ಗುರುತುಗಳನ್ನೂ ಹಿಡಿದು ಬಿಗಿಯಾಗಿ ಎಳೆದರೆ 3, 4, 5 ಮೀಟರ್ ಬಾಹುಗಳ ತ್ರಿಭುಜ, ಅದರ ಒಂದು ಮೂಲೆ ನೇರ ಲಂಬಕೋನ. ಬಡಗಿಗಳು, ಗಾರೆ ಕೆಲಸದವರು ತಳಪಾಯಕ್ಕೆ ಮೂಲೆಮಟ್ಟ ತೆಗೆಯುವ ರೀತಿಯೂ ಇದೇ. ಒಬ್ಬ ಹುಡುಗ ಅದನ್ನು ನೋಡುತ್ತಲೇ, 'ಟೀಚರ್, ನಮ್ಮ ಅಪ್ಪ ಮನೆ ಕಟ್ಟುವಾಗ ಹೀಗೇ ಮಾಡುತ್ತಾರೆ' ಎಂದು ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡ. ಆ ಹೊತ್ತಿನಿಂದ ಅಂಕಣದ ಯಜಮಾನಿಕೆ ಅವನದೇ.

ಕೊನೆಗೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಎರಡೂ 13 ಮೀಟರ್ 60 ಸೆಂಟಿಮೀಟರ್ ಬಂದರೆ ಅಂಕಣ ಸರಿ. ಒಂದು ವರ್ಷ, ಹಿಂದಿನ ಸಂಜೆ ಸರಿಯಾಗಿದ್ದ ಅಳತೆ ಬೆಳಿಗ್ಗೆ ತಪ್ಪುತ್ತಿತ್ತು. ಗೂಟ ಯಾರೋ ಸರಿಸಿದ್ದಾರೆಂದು ಎರಡು ತಂಡಗಳ ನಡುವೆ ಜಗಳವೇ ಆಯಿತು. ಗೂಟ ಸರಿದಿರಲಿಲ್ಲ. ನಾರಿನ ಹಗ್ಗವನ್ನು ರಾತ್ರಿ ಬಯಲಲ್ಲೇ ಬಿಟ್ಟಿದ್ದರು, ಇಬ್ಬನಿಗೆ ನೆನೆದಿತ್ತು. ನೆನೆದ ನಾರು ಉಬ್ಬುತ್ತದೆ, ಹುರಿ ಇನ್ನಷ್ಟು ಬಿಗಿಯುತ್ತದೆ, ಹಗ್ಗ ಗಿಡ್ಡವಾಗುತ್ತದೆ. ಅದನ್ನು ನಾನು ಹೇಳಿಬಿಡಲಿಲ್ಲ. ಹಗ್ಗವನ್ನು ಬಿಸಿಲಿಗೆ ಹಾಕಿ ಮಧ್ಯಾಹ್ನ ಮತ್ತೆ ಅಳೆಯಿರಿ ಎಂದೆ. ಊಟವಾದ ಮೇಲೆ ಅವರೇ ಓಡಿ ಬಂದು ಹೇಳಿದರು. ಈಗ ಅಳತೆಗೆ ನೈಲಾನ್ ಹಗ್ಗವನ್ನೇ ಬಳಸುತ್ತಾರೆ, ಏಕೆ ಎಂದು ಹೊಸಬರಿಗೆ ವಿವರಿಸುತ್ತಾರೆ.

ಗೆರೆಗೆ ಸುಟ್ಟ ಸುಣ್ಣವನ್ನು ನಾನು ಬಳಸಗೊಡುವುದಿಲ್ಲ. ಕಬಡ್ಡಿಯಲ್ಲಿ ಮಕ್ಕಳು ಮುಖ ಕೆಳಗಾಗಿ ಬೀಳುತ್ತಾರೆ, ಸುಣ್ಣ ಕಣ್ಣಿಗೆ ಹೋದರೆ ಅಪಾಯ. ರಂಗೋಲಿ ಪುಡಿ ಕೆಂಪು ಮಣ್ಣಿನ ಮೇಲೆ ಚೆನ್ನಾಗಿ ಎದ್ದು ಕಾಣುತ್ತದೆ. ಹೊರಗಿನ ಓಟದ ದಾರಿಗಳಿಗೆ ಮಕ್ಕಳ ಮನೆಯ ಬಚ್ಚಲೊಲೆಯ ಬೂದಿ, ಜರಡಿ ಹಿಡಿದದ್ದು.

ಖೋ ಖೋ ಕಂಬಕ್ಕೆ ಅಡಿಕೆ ಮರದ ತುಂಡು. ಮಲೆನಾಡಿನಲ್ಲಿ ಅದಕ್ಕೆ ಬರವಿಲ್ಲ. ನೆಲದಿಂದ ಮೇಲೆ ಸುಮಾರು 120 ಸೆಂಟಿಮೀಟರ್ ನಿಲ್ಲುವಂತೆ ಹುಗಿದು, ಸಿಬಿರು ಏಳದಂತೆ ಕತ್ತಿಯಲ್ಲಿ ಹೆರೆದು, ತಲೆಯ ಅಂಚನ್ನು ಗುಂಡಗೆ ಮಾಡಬೇಕು. ಕಂಬವನ್ನು ಹಿಡಿದು ತಿರುಗುವಾಗ ಅಂಗೈ ಸೀಳಬಾರದಲ್ಲ. ನಮ್ಮ ಬಯಲು ಚಿಕ್ಕದು, ಪೂರ್ತಿ ಅಂಕಣ ಹಿಡಿಸುವುದಿಲ್ಲ. ಎಂಟು ಚೌಕಗಳ ಬದಲು ಆರು ಹಾಕುತ್ತೇವೆ. ಆಟದ ಜೀವ ಚೌಕಗಳ ಲೆಕ್ಕದಲ್ಲಿಲ್ಲ. ಅಟ್ಟಿಸಿಕೊಂಡು ಹೋಗುವವನು ಕಂಬ ಮುಟ್ಟದೆ ದಿಕ್ಕು ಬದಲಿಸುವಂತಿಲ್ಲ, ಮಧ್ಯದ ಗೆರೆ ದಾಟುವಂತಿಲ್ಲ, ಕುಳಿತವನ ಹಿಂದಿನಿಂದಲೇ ಮುಟ್ಟಿ 'ಖೋ' ಎನ್ನಬೇಕು. ಈ ಮೂರು ಕಟ್ಟುಗಳು ಇದ್ದರೆ ಆಟ ಆಟವಾಗಿಯೇ ಇರುತ್ತದೆ. ಚಿಕ್ಕ ಮಕ್ಕಳು ಬೇಗ ಪಳಗುವುದು ಇದರಲ್ಲಿಯೇ. ಎತ್ತರದ ಹುಡುಗರನ್ನು ನಾಲ್ಕನೆಯ ತರಗತಿಯ ಪುಟ್ಟಿಯರು ಬಗ್ಗಿ ತಪ್ಪಿಸಿಕೊಂಡು ಸುಸ್ತು ಹೊಡೆಸುತ್ತಾರೆ.

ಎರಡು ತಂಡ ಆಡುವಾಗ ಮೂರನೆಯ ತಂಡ ತೀರ್ಪು ಕೊಡಬೇಕು, ನಾಲ್ಕನೆಯದು ಅಂಕ ಮತ್ತು ಸಮಯ ಬರೆಯಬೇಕು. ಕಬಡ್ಡಿಯ ಒಂದು ದಾಳಿಗೆ 30 ಸೆಕೆಂಡ್. ಅದನ್ನು ಕೂಗಿ ಹೇಳುವ ಕೆಲಸವನ್ನು ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿಗೆ ಕೊಡುತ್ತೇನೆ. ಕೈಯಲ್ಲಿ ಗಡಿಯಾರವಿದ್ದು, ಎಲ್ಲರೂ ತನ್ನ ಮಾತಿಗೇ ಕಾಯುತ್ತಿದ್ದಾರೆಂದು ತಿಳಿದರೆ ದನಿ ತಾನಾಗಿ ಏಳುತ್ತದೆ. ಅಂಪೈರ್ ಮಗುವಿನ ತೀರ್ಪನ್ನು ನಾನು ಎಂದೂ ಬದಲಿಸುವುದಿಲ್ಲ, ತಪ್ಪೆಂದು ಕಂಡರೂ ಕೂಡ. ಒಮ್ಮೆ ಬದಲಿಸಿದರೆ ಮುಂದಿನ ಪ್ರತಿ ದೂರೂ ನನ್ನ ಮೇಜಿನ ಬಳಿಗೆ ಬರುತ್ತದೆ. ಸಂಜೆ ನಾಲ್ಕೂ ತಂಡಗಳನ್ನು ಕೂರಿಸಿ, ಆ ದಿನ ವಿವಾದವಾದ ತೀರ್ಪುಗಳನ್ನು ನಿಯಮದ ಹಾಳೆ ಓದಿ ಚರ್ಚಿಸುತ್ತೇವೆ, ಅಂಕ ಮಾತ್ರ ಹಾಗೆಯೇ ಉಳಿಯುತ್ತದೆ.

ಆಟವೆಲ್ಲ ಬೆಳಿಗ್ಗೆ. ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬರುವುದು ವಾಡಿಕೆ, ಆಕಾಶ ಗುಡುಗಿದರೆ ಬಯಲಲ್ಲಿ ಒಬ್ಬರೂ ಇರಬಾರದು. ಊಟದ ನಂತರ ಹಾಡು ಮತ್ತು ಚಿತ್ರ, ಕೋಣೆಯಲ್ಲಿ.

ಹಾಡಿನ ವಿಷಯದಲ್ಲಿ ನಾನು ಒಂದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ: ಧ್ವನಿಮುದ್ರಿತ ಹಾಡು ಹಾಕಿ ಅದಕ್ಕೆ ಕುಣಿಸುವುದು ಇಲ್ಲ. ಮಕ್ಕಳೇ ಹಾಡಬೇಕು. ದೊಡ್ಡವರು ತಮಗೆ ಅನುಕೂಲವಾದ ತಗ್ಗಿನ ಶ್ರುತಿಯಲ್ಲಿ ಹಾಡು ಎತ್ತಿಕೊಟ್ಟರೆ ಮಕ್ಕಳ ದನಿ ಗೊಗ್ಗರಾಗಿ ಹೂತುಹೋಗುತ್ತದೆ. ತೀರ ಎತ್ತರಿಸಿದರೆ ಕಿರುಚುತ್ತಾರೆ. ನಾನು ಮಾಡುವುದು ಹೀಗೆ. ಮೊದಲು ಹಾಡಿನ ಅತಿ ಎತ್ತರದ ಸಾಲನ್ನು ಹುಡುಕಿ, ಇಬ್ಬರು ಮೂವರಿಂದ ವಾದ್ಯವಿಲ್ಲದೆ ಅದನ್ನೇ ಹಾಡಿಸುತ್ತೇನೆ. ಕತ್ತಿನ ನರ ಉಬ್ಬದೆ, ಗದ್ದ ಮೇಲಕ್ಕೆತ್ತದೆ ಅವರು ಆ ಸಾಲನ್ನು ಮುಟ್ಟುವ ಜಾಗ ಸಿಕ್ಕಿದ ಮೇಲೆ ಅದಕ್ಕೆ ಹೊಂದುವ ಷಡ್ಜವನ್ನು ಹಾರ್ಮೋನಿಯಂನಲ್ಲಿ ಗುರುತಿಸಿ, ಆ ಮನೆಯ ಮೇಲೆ ಸೀಮೆಸುಣ್ಣದ ಚುಕ್ಕೆ ಇಡುತ್ತೇವೆ. ಮುಂದೆ ಪ್ರತಿದಿನ ಶ್ರುತಿ ಹಿಡಿದುಕೊಡುವುದು ಆರನೆಯ ತರಗತಿಯ ಒಬ್ಬರ ಜವಾಬ್ದಾರಿ. ನುಡಿಸಲು ಬರದಿದ್ದರೂ ತಿದಿ ಒತ್ತಿ ಒಂದು ಮನೆ ಹಿಡಿಯಲು ಯಾರಿಗೂ ಬರುತ್ತದೆ.

ಹಾಡಿಗಾಗಿ ದೂರ ಹೋಗಬೇಕಾಗಿಲ್ಲ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆಯವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕೆಲವು ಮಕ್ಕಳ ಅಪ್ಪಂದಿರು, ದೊಡ್ಡಪ್ಪಂದಿರೇ ಆ ತಂಡದಲ್ಲಿರುತ್ತಾರೆ. ಅವರಲ್ಲೊಬ್ಬರು ಬಂದು ಕಲಿಸಿಕೊಟ್ಟರು. ಒಬ್ಬರು ಸಾಲು ಎತ್ತಿಕೊಡುವುದು, ಉಳಿದವರು ಸೊಲ್ಲು ಹಿಡಿಯುವುದು ಅದರ ಕ್ರಮ. ಮಕ್ಕಳಿಗೆ ಇದಕ್ಕಿಂತ ಒಗ್ಗುವ ಪದ್ಧತಿ ಇನ್ನೊಂದಿಲ್ಲ, ಏಕೆಂದರೆ ಮುಂದಿನ ಸಾಲು ಮರೆತುಹೋಗುವ ಭಯವೇ ಇರುವುದಿಲ್ಲ. ಬರೆದುಕೊಡಿ ಎಂದಾಗ ಅವರು, 'ಬರೆದರೆ ಕಣ್ಣು ಹಾಳೆಯ ಮೇಲೆ ಹೋಗುತ್ತದೆ ಟೀಚರ್, ಕಿವಿ ಮುಚ್ಚಿಹೋಗುತ್ತದೆ' ಎಂದರು. ಬರೆಯಲಿಲ್ಲ. ರಜೆ ಮುಗಿದು ದೀಪಾವಳಿಯ ರಾತ್ರಿ ಕೆಲವು ಮಕ್ಕಳು ಆ ತಂಡದ ಹಿಂದೆಯೇ ಊರೆಲ್ಲ ತಿರುಗಿದರೆಂದು ಆಮೇಲೆ ತಿಳಿದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೋಲಾಟಕ್ಕೆ ಜೋಡಿ ಬೇಕು. ಬೆಸ ಸಂಖ್ಯೆ ಬಂದರೆ ಉಳಿದ ಮಗು ತಾಳದವನಾಗುತ್ತಾನೆ, ಅದು ಕಡಿಮೆ ಕೆಲಸವಲ್ಲ. ಕೋಲು ಕೊಡುವ ಮೊದಲು ಬರಿಗೈಯಲ್ಲಿ ಚಪ್ಪಾಳೆ ತಟ್ಟಿಸಿ ಸುತ್ತು ಕಲಿಸಬೇಕು. ಮೊದಲ ದಿನವೇ ಕೋಲು ಕೊಟ್ಟರೆ ಬೆರಳಿನ ಗಂಟಿಗೆ ಪೆಟ್ಟು, ಮರುದಿನ ಭಯ. ತುಂಗಾ, ಭದ್ರಾ ತಂಡಗಳೆರಡೂ ಬೇರೆ ಬೇರೆ ಸಾಲಾಗಿ ಬಂದು ನಡುವೆ ಒಂದೇ ಸುತ್ತಾಗುವ ಹಾಗೆ ಮಾಡೋಣ, ಕೂಡಲಿಯಲ್ಲಿ ಆ ಎರಡು ನದಿ ಸೇರುವಂತೆ, ಎಂದು ಮಕ್ಕಳೇ ಹೊಂದಿಸಿದರು. ನಾನು ಹೇಳಿಕೊಟ್ಟಿದ್ದರೆ ಅದು ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಚಿತ್ರಕ್ಕೆ ನಮ್ಮ ಸೀಮೆಯದೇ ಹಸೆ ಚಿತ್ತಾರ. ದೀವರ ಸಮುದಾಯದ ಮನೆಗಳ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಈ ಚಿತ್ತಾರವನ್ನು ಮಕ್ಕಳು ದಿನವೂ ನೋಡಿದ್ದರೂ ಕೈಯಿಂದ ಬರೆದವರು ಕಡಿಮೆ. ಸಮಯವೂ ಕೂಡಿಬರುತ್ತದೆ. ದಸರೆಯ ಬೆನ್ನಿಗೇ ಭೂಮಿ ಹುಣ್ಣಿಮೆ. ಭೂಮಿಗೆ ಅರ್ಪಿಸುವ ಎಡೆಯಾದ ಚರಗವನ್ನು ಹೊತ್ತು ಗದ್ದೆಗೆ ಹೋಗುವ ಭೂಮಣ್ಣಿ ಬುಟ್ಟಿಗೆ ಮನೆಮನೆಯಲ್ಲಿ ಚಿತ್ತಾರ ಬರೆಯುವ ಕಾಲ ಅದು. ಶಾಲೆಯಲ್ಲಿ ಕಲಿತದ್ದು ಕೆಲವೇ ದಿನಗಳಲ್ಲಿ ಮನೆಯಲ್ಲಿ ಕೆಲಸಕ್ಕೆ ಬರುವುದು ಎಷ್ಟು ಪಾಠಗಳಿಗೆ ಸಾಧ್ಯ?

ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಬಂದು ಕಲಿಸುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಎಂಬ ಕಾಯಿ, ಕುಂಚಕ್ಕೆ ಪುಂಡಿ ನಾರು. ಒಲೆಯ ಮುಂದಿನ ಕೆಲಸ ಅಜ್ಜಿಯದು, ಅರೆಯುವುದು ಮಕ್ಕಳದು. ಅಕ್ಕಿ ತರಿತರಿಯಾಗಿದ್ದರೆ ಗೆರೆ ಹರಿಯುವುದಿಲ್ಲ. ಬೆರಳ ನಡುವೆ ಉಜ್ಜಿದಾಗ ಕಣ ಸಿಗಬಾರದು, ಅಷ್ಟು ನುಣ್ಣಗಾಗಬೇಕು. ಈ ಹವೆಯಲ್ಲಿ ಹಿಟ್ಟು ಮರುದಿನಕ್ಕೆ ಹುಳಿಯುತ್ತದೆ, ಆಯಾ ದಿನಕ್ಕೆ ಬೇಕಾದಷ್ಟನ್ನೇ ಅರೆಯಬೇಕು.

ಗೋಡೆಯ ಬದಲು ನಾವು ಹಳೆಯ ರಟ್ಟು ಬಳಸುತ್ತೇವೆ. ಕೆಮ್ಮಣ್ಣನ್ನು ನೆನೆಸಿ ಬಟ್ಟೆಯಲ್ಲಿ ಸೋಸಿ ರಟ್ಟಿನ ಎರಡೂ ಬದಿಗೆ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಒಣಗುವಾಗ ರಟ್ಟು ಬಾಗಿಕೊಳ್ಳುತ್ತದೆ. ಅಕ್ಕಿಹಿಟ್ಟಿನ ಗೆರೆ ಹಸಿಯಾಗಿದ್ದಾಗ ಮಂಕಾಗಿರುತ್ತದೆ. ಕಾಣಿಸುವುದಿಲ್ಲವೆಂದು ಮಕ್ಕಳು ಮೇಲೆ ಮೇಲೆ ಎಳೆದು ದಪ್ಪ ಮಾಡುತ್ತಾರೆ. 'ಒಂದು ಸಲ ಎಳೆದು ಕೈ ತೆಗೆ ತಂಗಿ, ಒಣಗಿದ ಮೇಲೆ ಅದೇ ಬೆಳ್ಳಗಾಗುತ್ತದೆ' ಎನ್ನುತ್ತಾರೆ ಅಜ್ಜಿ. ಅಷ್ಟು ಕಾಯುವುದೇ ಮಕ್ಕಳಿಗೆ ಕಷ್ಟ. ನಾನು ಅಂಕಣದ ಹುಡುಗರನ್ನೂ ಇದಕ್ಕೆ ಕೂರಿಸುತ್ತೇನೆ, ಚಿತ್ತಾರ ಹುಡುಗಿಯರಿಗೆ, ಕಬಡ್ಡಿ ಹುಡುಗರಿಗೆ ಎಂಬ ಹಂಚಿಕೆ ನಮ್ಮಲ್ಲಿಲ್ಲ. ಸಮಾನಾಂತರ ಗೆರೆಗಳು ತಪ್ಪಿದಾಗ ಹಗ್ಗ ಹಿಡಿದ ಆ ಹುಡುಗ ದಾರವೊಂದನ್ನು ಕೆಮ್ಮಣ್ಣಿನ ಮೇಲೆ ಬಿಗಿಹಿಡಿದು ಗುರುತು ಹಾಕಲು ಹೊರಟ. ಅಜ್ಜಿ ಬೇಡವೆನ್ನಲಿಲ್ಲ, ಆದರೆ ಪಕ್ಕದಲ್ಲೇ ದಾರವಿಲ್ಲದೆ ಅಷ್ಟೇ ನೇರವಾದ ಗೆರೆ ಎಳೆದು ತೋರಿಸಿದರು.

ಕೊನೆಯ ದಿನ ಪೋಷಕರು ಬರುತ್ತಾರೆ. ಅಡಿಕೆ ಕೊಯ್ಲಿನ ಮುನ್ನದ ದಿನಗಳಾದ್ದರಿಂದ ಬಿಡುವು ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಎರಡು ಪಂದ್ಯ, ಬಿಸಿಯೂಟ, ನಂತರ ಹಾಡು ಮತ್ತು ಕೋಲಾಟ. ಭಾಷಣಕ್ಕೆ ಐದು ನಿಮಿಷ, ಅದನ್ನೂ ಸಮಯ ಹಿಡಿಯುವ ಮಕ್ಕಳೇ ಹಿಡಿಯುತ್ತಾರೆ. ಒಬ್ಬೊಬ್ಬರಿಗೆ ಬಹುಮಾನ ಇಲ್ಲ. ಗೆದ್ದ ತಂಡದ ಹೆಸರನ್ನು ಶಾಲೆಯ ಹಲಗೆಯ ಮೇಲೆ ಶಾಲಾ ವರ್ಷದ ಎರಡನೆಯ ಅವಧಿ ಮುಗಿಯುವವರೆಗೆ ಬರೆದಿಡುತ್ತೇವೆ. ಚಿತ್ತಾರದ ರಟ್ಟುಗಳು ಜಗಲಿಯಲ್ಲಿ ಸಾಲಾಗಿರುತ್ತವೆ, ಪ್ರತಿಯೊಂದರ ಪಕ್ಕ ಬರೆದವರು ನಿಂತು ಯಾವ ಬಣ್ಣ ಯಾವುದರಿಂದ ಬಂತೆಂದು ಹೇಳುತ್ತಾರೆ. ಪೋಷಕರು ಬಹಳ ಹೊತ್ತು ನಿಲ್ಲುವುದು ವೇದಿಕೆಯ ಮುಂದಲ್ಲ, ಈ ಜಗಲಿಯಲ್ಲಿ.

ಏಪ್ರಿಲ್‌ನಲ್ಲಿ ಬರುವ ಎರಡನೆಯ ಅವಧಿಯ ಕೊನೆಗೆ ಇದೇ ಪಟ್ಟಿಯನ್ನು ಹಾಗೆಯೇ ಎತ್ತಿ ಹಾಕಲಾಗದು. ಆಗ ಪಾಚಿಯ ತೊಂದರೆ ಇಲ್ಲ, ನೆಲ ಕಲ್ಲಿನಂತೆ ಬಿರುಸಾಗಿರುತ್ತದೆ, ಹತ್ತು ಗಂಟೆಗೇ ಬಿಸಿಲು ಸುಡುತ್ತದೆ. ಕಬಡ್ಡಿ ಅಂಕಣವನ್ನು ಗುದ್ದಲಿಯಿಂದ ಕೆದಕಿ ಮಣ್ಣು ಸಡಿಲಿಸಿ ಹಿಂದಿನ ಸಂಜೆ ನೀರು ಚಿಮುಕಿಸಬೇಕು. ಏಳನೆಯವರು ಶಾಲೆ ಬಿಟ್ಟು ಹೋಗುವ ಸಮಯವೂ ಅದೇ. ಆದ್ದರಿಂದ ಏಪ್ರಿಲ್‌ನ ಅಂಕಣವನ್ನು ಆರನೆಯವರು ಹಾಕುತ್ತಾರೆ, ಏಳನೆಯವರು ಪಕ್ಕದಲ್ಲಿ ನಿಂತು ಕರ್ಣ ಅಳೆಯುತ್ತಾರೆ.