‘ನಾಳೆ ಬಾ’ ಎಂದು ಬರೆದ ಬಾಗಿಲಿಗೆ ಡ್ರಾಕುಲಾ ಬಂದರೆ: ಬೇರೆ ಬೇರೆ ನಾಡಿನ ದೆವ್ವಗಳನ್ನು ಒಂದೇ ಚಿತ್ರಕಥೆಗೆ ತರುವ ಬಗೆ

ಯಕ್ಷಿ, ಮೋಹಿನಿ, ಕುಲೆ (ತುಳುವಿನಲ್ಲಿ ಸತ್ತವರ ಪ್ರೇತ), ಜೊತೆಗೆ ಕಡಲಾಚೆಯಿಂದ ಬಂದ ರಕ್ತಪಿಪಾಸು, ಇವರನ್ನೆಲ್ಲ ಒಂದೇ ಚಿತ್ರದಲ್ಲಿ ಸೇರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಯಾರು ಹೇಗೆ ಕಾಣಬೇಕು ಎಂಬುದನ್ನು. ಅದು ಗ್ರಾಫಿಕ್ಸ್‌ನವರ ಮತ್ತು ಮೇಕಪ್‌ನವರ ಕೆಲಸ. ಕಥೆ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವುದಕ್ಕೆ ಯಾವ ಕಟ್ಟು ಇದೆ ಎಂದು. ಕಾಸರಗೋಡಿನ ಕಡೆ ನಾವು ಕಟ್ಟುಕಟ್ಟಳೆ ಎನ್ನುತ್ತೇವಲ್ಲ, ಆ ಅರ್ಥದಲ್ಲಿಯೇ ಈ ಮಾತನ್ನು ಬಳಸುತ್ತಿದ್ದೇನೆ. ದೆವ್ವವೊಂದು ಏನನ್ನು ಬಯಸುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಮಾತಿಗೆ ಬಗ್ಗುತ್ತದೆ ಎಂಬ ಮೂರು ಸಂಗತಿಗಳನ್ನು ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳದೆ ದೃಶ್ಯ ಬರೆಯಲು ಕೂರಬೇಡಿ.

ಮಲಯಾಳದ ಯಕ್ಷಿಯನ್ನು ನೋಡಿ. ಅವಳು ರಾತ್ರಿ ದಾರಿಹೋಕನಲ್ಲಿ ವೀಳ್ಯಕ್ಕೆ ಸುಣ್ಣ ಕೇಳುತ್ತಾಳೆ. ತಾಳೆಮರದಲ್ಲಿ ಅಥವಾ ಹಾಲೆಮರದಲ್ಲಿ ಇರುತ್ತಾಳೆ. ಬೆಳಗಾದಾಗ ಮರದ ಬುಡದಲ್ಲಿ ಉಳಿಯುವುದು ಕೂದಲು ಮತ್ತು ಉಗುರು ಮಾತ್ರ. ಕಬ್ಬಿಣದ ಮೊಳೆ ಹೊಡೆದರೆ ಕಟ್ಟಿಗೆ ಬೀಳುತ್ತಾಳೆ. ತುಳುವಿನ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಕಷಾಯಕ್ಕೆಂದು ನಾವು ತೊಗಟೆ ತೆಗೆಯುವುದೂ ಇದೇ ಹಾಲೆಮರದಿಂದ, ಮತ್ತು ಆ ತೊಗಟೆಗೆ ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುವುದು ರೂಢಿ. ಒಂದು ಕಡೆ ಮರಕ್ಕೆ ಕಬ್ಬಿಣ ತಾಗಬಾರದು, ಇನ್ನೊಂದು ಕಡೆ ಮರದಲ್ಲಿರುವವಳಿಗೆ ಕಬ್ಬಿಣವೇ ಮದ್ದು. ಇಂತಹ ಜೋಡಿ ಸಿಕ್ಕಿದರೆ ಅರ್ಧ ದೃಶ್ಯ ಆಗಲೇ ಸಿಕ್ಕಿದ ಹಾಗೆ.

ಹೊರನಾಡಿನ ದೆವ್ವಗಳ ವಿಷಯದಲ್ಲಿ ಯಾವ ಕಟ್ಟು ಜನಪದದ್ದು, ಯಾವುದು ಕಾದಂಬರಿಯದು, ಯಾವುದು ಸಿನಿಮಾದ್ದು ಎಂದು ಬೇರ್ಪಡಿಸಿಕೊಳ್ಳಬೇಕು. ಬಿಸಿಲು ಬಿದ್ದರೆ ರಕ್ತಪಿಪಾಸು ನಾಶವಾಗುತ್ತಾನೆ ಎಂಬುದು 1922ರ ಜರ್ಮನ್ ಮೂಕಿಚಿತ್ರವೊಂದು ಕೊಟ್ಟದ್ದು. 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲಿನಲ್ಲಿಯೇ ಲಂಡನ್ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ, ಅವನ ಶಕ್ತಿ ಮಾತ್ರ ಹಗಲಿಗೆ ಕುಗ್ಗಿರುತ್ತದೆ. ಸಿನಿಮಾ ತಂದ ಕಟ್ಟನ್ನು ಸಿನಿಮಾ ಬಿಚ್ಚಬಹುದು. ಆದರೆ ಅಜ್ಜಿಯಂದಿರ ಬಾಯಲ್ಲಿರುವ ಕಟ್ಟನ್ನು ಸಡಿಲಿಸಿದರೆ ಮೊದಲ ಸಾಲಿನಲ್ಲಿ ಕುಳಿತ ಪ್ರೇಕ್ಷಕನೇ ಹಿಡಿದುಹಾಕುತ್ತಾನೆ.

ಎರಡು ಕಟ್ಟುಗಳು ಒಂದಕ್ಕೊಂದು ತೊಡಕಾಗುವ ಜಾಗವನ್ನು ಹುಡುಕುವುದೇ ಮುಖ್ಯ ಕೆಲಸ. ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುಂಬಳೆಯ ಬಳಿ ಮುರಕಲ್ಲಿನ ಮನೆಯೊಂದಿದೆ ಎಂದುಕೊಳ್ಳಿ. ಬಯಲುಸೀಮೆಯಿಂದ ಬಂದ ಸೊಸೆ, ತವರಿನ ರೂಢಿಯಂತೆ, ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದಾಳೆ. ಪರಿಚಿತರ ದನಿಯಲ್ಲಿ ಕೂಗುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹಿಂತಿರುಗುತ್ತದೆ. ಅದೇ ಅಂಗಳಕ್ಕೆ ಡ್ರಾಕುಲಾ ಬರುತ್ತಾನೆ. ಒಳಗಿನವರು ಒಮ್ಮೆ ಕರೆಯದೆ ಅವನು ಹೊಸ ಮನೆಯ ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಕರೆದರೆ ಮತ್ತೆ ಕೇಳಬೇಕಾಗಿಲ್ಲ. ಕನ್ನಡದ ‘ಬಾ’, ಮಲಯಾಳದ ‘ವಾ’, ತುಳುವಿನ ‘ಬಲ’ ಯಾವುದಾದರೂ ಅವನಿಗೆ ಸಾಕು. ನಮ್ಮ ದೆವ್ವಕ್ಕೆ ತಡೆಯಾದ ಎರಡು ಶಬ್ದ ಅವನಿಗೆ ಆಮಂತ್ರಣ. ಅವನು ಅವಸರ ಮಾಡದೆ ಟೋಪಿ ತೆಗೆದು, ತಲೆಬಾಗಿ ಹೊರಟುಹೋಗುತ್ತಾನೆ. ಮರುದಿನ ದೀಪ ಹಚ್ಚುವ ಹೊತ್ತಿಗೆ ಬಂದು, ನಿನ್ನೆಯ ನಾಳೆ ಇಂದು ತಾನೇ ಎಂದು ಕೇಳುತ್ತಾನೆ. ಲಂಡನ್ನಿನ ಮನೆಯನ್ನು ವಕೀಲರ ಮೂಲಕ ಕೊಂಡವನು ಅವನು; ಕಾಗದದಲ್ಲಿರುವ ಮಾತಿನ ಬೆಲೆ ಅವನಿಗೆ ಗೊತ್ತು. ನಮ್ಮ ದೆವ್ವಕ್ಕೆ ಇಷ್ಟು ಕಾಲ ಕಳೆದರೂ ಆ ವಾದ ಹೊಳೆದಿರಲಿಲ್ಲ. ಈಗ ಮನೆಯವರ ಇಕ್ಕಟ್ಟನ್ನು ನೋಡಿ: ಬರಹವನ್ನು ಉಳಿಸಿದರೆ ಅವನು ಒಳಗೆ, ಅಳಿಸಿದರೆ ಅದು ಒಳಗೆ. ಇಲ್ಲಿ ಒಂದು ರೂಪಾಯಿಯ ಗ್ರಾಫಿಕ್ಸ್ ಬೇಕಾಗಿಲ್ಲ. ಅತ್ತೆ ಒದ್ದೆ ಬಟ್ಟೆ ಹಿಡಿದು ಬಾಗಿಲ ಮುಂದೆ ನಿಂತರೆ ಸಾಕು.

ಚಿತ್ರೀಕರಣದ ಊರೂ ಕಥೆಗೆ ಸಾಮಗ್ರಿ ಕೊಡುತ್ತದೆ. ಡ್ರಾಕುಲಾ ಹರಿಯುವ ನೀರನ್ನು ದಾಟುವುದು ಕಡಲು ಉಕ್ಕುವ ಭರತದ ಹೊತ್ತಿನಲ್ಲಿ ಅಥವಾ ನೀರು ನಿಂತ ಹೊತ್ತಿನಲ್ಲಿ ಮಾತ್ರ. ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲಿವೆ. ಹಾಗಾಗಿ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಅವನು ಹೊಳೆಹೊಳೆಗೂ ಕಾಯಬೇಕು, ಮತ್ತು ಭರತ ಇಳಿತಗಳ ಲೆಕ್ಕ ಗೊತ್ತಿರುವ ಅಳಿವೆಯ ಮೀನುಗಾರ ಮಂತ್ರವಾದಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಯಾರ ಮದ್ದು ಯಾರಿಗೆ ನಾಟುತ್ತದೆ ಎಂಬುದನ್ನು ಚಿತ್ರದ ಮೊದಲ ಅರ್ಧ ಗಂಟೆಯೊಳಗೆ ತೋರಿಸಿ, ಕೊನೆಯವರೆಗೂ ಅದನ್ನು ಮುರಿಯಬಾರದು. ಕೇರಳದ ಐತಿಹ್ಯದಲ್ಲಿ ಕಳ್ಳಿಯಂಗಾಟ್ಟು ನೀಲಿ ಎಂಬ ಯಕ್ಷಿಯನ್ನು ಅಡಗಿಸಿದವನು ಕಡಮಟ್ಟತ್ತು ಕತ್ತನಾರ್ ಎಂಬ ಕ್ರೈಸ್ತ ಪಾದ್ರಿ. ಸಂಪ್ರದಾಯಗಳನ್ನು ಬೆರೆಸುವುದು ಸಿನಿಮಾದವರು ಕಂಡುಹಿಡಿದ ವಿದ್ಯೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಅಲ್ಲಿ ಗೆದ್ದದ್ದು ಶಿಲುಬೆ ಎನ್ನುವುದಕ್ಕಿಂತ ಆ ಮನುಷ್ಯ ಕಲಿತ ವಿದ್ಯೆ. ನೀವೂ ಬಲ ಇರುವುದು ವಸ್ತುವಿನಲ್ಲಿಯೋ, ಅದನ್ನು ಹಿಡಿದವನಲ್ಲಿಯೋ ಎಂದು ನಿರ್ಧರಿಸಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಖಂಡಿತವಾಗಿ ಹೇಳಬೇಕು. ಈ ಬರಹದಲ್ಲಿ ನಾನು ‘ಭೂತ’ ಎಂಬ ಶಬ್ದವನ್ನು ಬೇಕೆಂದೇ ಬಿಟ್ಟಿದ್ದೇನೆ; ತುಳುನಾಡಿನಲ್ಲಿ ದೈವಗಳನ್ನೂ ಹಾಗೆ ಕರೆಯುತ್ತಾರೆ. ಚಂದ್ರಗಿರಿಯ ಬಡಗಿನಲ್ಲಿ ಕೋಲವಾಗಿ, ತೆಂಕಿನಲ್ಲಿ ತೆಯ್ಯಮಾಗಿ ಬರುವ ದೈವಗಳು ದೆವ್ವಗಳಲ್ಲ. ಗುಳಿಗ ಎರಡೂ ಕಡೆ ಆರಾಧನೆ ಪಡೆಯುವ ದೈವ. ಅವನನ್ನು ತೋಳಮಾನವನೊಂದಿಗೆ ಕುಸ್ತಿಗೆ ಬಿಡುವ ಬರಹಗಾರ, ನ್ಯಾಯ ಹೇಳಲು ಬರುವವನನ್ನು ಪೈಲ್ವಾನನ್ನಾಗಿ ಮಾಡುತ್ತಾನೆ. ನಿಮಗೆ ತುಳುನಾಡಿನ ಪಾತ್ರ ಬೇಕೇ ಬೇಕಾದರೆ ಕುಲೆಯನ್ನು ತೆಗೆದುಕೊಳ್ಳಿ. ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ ಪ್ರೇತಮದುವೆ ಮಾಡಿಸುವಾಗ ಬೇರೆ ಬರಿಯ (ಕುಲದ) ಸಂಬಂಧವನ್ನೇ ಹುಡುಕುತ್ತಾರೆ. ಡ್ರಾಕುಲಾನ ಕೋಟೆಯ ಮೂವರು ಹೆಂಗಸರಲ್ಲಿ ಒಬ್ಬಳಿಗೆ ಸಂಬಂಧ ಕೂಡಿಸಲು ಹೊರಟರೆ ಹಿರಿಯರು ಮೊದಲು ಕೇಳುವುದು ಅವಳ ಬರಿ ಯಾವುದು ಎಂದು, ಮತ್ತು ಅದಕ್ಕೆ ಉತ್ತರ ಬರೆಯಲು ಒಳ್ಳೆಯ ಹಾಸ್ಯಪ್ರಜ್ಞೆ ಬೇಕು.

ಎಷ್ಟು ದೆವ್ವಗಳು ಎಂದು ಕೇಳಿದರೆ, ಎರಡು ಸಾಕು ಎನ್ನುತ್ತೇನೆ. ಹಾಲಿವುಡ್ಡಿನ ಸ್ಟುಡಿಯೋ ಒಂದು 1943ರಲ್ಲಿ ಫ್ರಾಂಕೆನ್‌ಸ್ಟೈನ್‌ನ ಸೃಷ್ಟಿಯನ್ನೂ ತೋಳಮಾನವನನ್ನೂ ಮುಖಾಮುಖಿಯಾಗಿಸಿತು. ಮರುವರ್ಷ ಡ್ರಾಕುಲಾನನ್ನೂ ಸೇರಿಸಿತು, ಆದರೆ ಆ ಚಿತ್ರದಲ್ಲಿ ಉಳಿದಿಬ್ಬರು ತೆರೆಗೆ ಬರುವ ಮೊದಲೇ ಡ್ರಾಕುಲಾ ಮುಗಿದುಹೋಗುತ್ತಾನೆ. ಪ್ರವೇಶದ ವಿಷಯದಲ್ಲಿ ನಮ್ಮ ತೆಂಕುತಿಟ್ಟಿನ ಯಕ್ಷಗಾನವನ್ನು ನೋಡಿ ಕಲಿಯಬಹುದು. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ತೆರೆಯ ಹಿಂದೆ ಆರ್ಭಟಿಸುತ್ತಾ, ಚೆಂಡೆಯ ಪೆಟ್ಟಿಗೆ ತನ್ನ ಪೂರ್ತಿ ಹೊತ್ತನ್ನು ತೆಗೆದುಕೊಂಡು ಬರುತ್ತದೆ; ಎದುರಾಳಿಯೊಂದಿಗೆ ಮಾತು ಆಮೇಲೆ. ಪ್ರತಿಯೊಂದು ದೆವ್ವಕ್ಕೂ ಅಂತಹ ಒಂಟಿ ಒಡ್ಡೋಲಗ ಕೊಡದೆ ಇಬ್ಬರನ್ನು ಒಂದೇ ಚೌಕಟ್ಟಿಗೆ ತರಬೇಡಿ.

ಇನ್ನು ಹಕ್ಕಿನ ವಿಷಯ. 1818ರ ‘ಫ್ರಾಂಕೆನ್‌ಸ್ಟೈನ್’ ಮತ್ತು 1897ರ ‘ಡ್ರಾಕುಲಾ’ ಕಾದಂಬರಿಗಳನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಚಪ್ಪಟೆ ತಲೆ, ಕುತ್ತಿಗೆಯ ಬೋಲ್ಟು 1931ರ ಚಿತ್ರದ ಮೇಕಪ್ಪಿನವು. 1957ರಲ್ಲಿ ಅದೇ ಕಥೆಯನ್ನು ತೆಗೆದ ಬ್ರಿಟಿಷ್ ಕಂಪೆನಿ ಆ ಮುಖವನ್ನು ಬಿಟ್ಟು ಹೊಸದನ್ನೇ ಮಾಡಿಸಬೇಕಾಯಿತು. ಡ್ರಾಕುಲಾನಿಗೂ ಕಾದಂಬರಿಗೇ ಹೋಗಿ. ಅಲ್ಲಿ ಬಾಗಿಲು ತೆರೆಯುವವನು ಬಿಳಿ ಮೀಸೆಯ, ನಖಶಿಖಾಂತ ಕಪ್ಪು ತೊಟ್ಟ ಎತ್ತರದ ಮುದುಕ. ನಮ್ಮ ಸೆಕೆಯಲ್ಲಿ ನಟನಿಗೆ ಉದ್ದನೆಯ ಮೇಲಂಗಿ ತೊಡಿಸಿ ಬೆವರಿಳಿಸುವುದಕ್ಕಿಂತ, ಕಪ್ಪು ಪಂಚೆ ಉಟ್ಟು ಭೂಮಿ ಕೊಳ್ಳಲು ಬಂದ ಅಂತಹ ಒಬ್ಬ ಮುದುಕನನ್ನು ಆ ಮುರಕಲ್ಲಿನ ಮನೆಯ ಅಂಗಳದಲ್ಲಿ ನಿಲ್ಲಿಸಿ, ಬಾಗಿಲ ಮೇಲಿನ ಬರಹವನ್ನು ನಿಧಾನವಾಗಿ ಓದಿಸಿ.