ಕಂಪ್ಯೂಟರ್ ಫ್ಯಾನಿನ ವೇಗ ಹತೋಟಿಗೆ ಬಾರದಿದ್ದರೆ

ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಆ ದಿನಗಳಲ್ಲಿ ಟೈಪಿಂಗ್ ಅಂಗಡಿಯ ಕಂಪ್ಯೂಟರಾಗಲಿ ಮನೆಯದಾಗಲಿ, ಫ್ಯಾನಿನ ಬಗ್ಗೆ ಎರಡು ದೂರುಗಳು ಕೇಳಿಬರುತ್ತವೆ: ಕೆಲಸವಿರಲಿ ಬಿಡಲಿ ಹಿಟ್ಟಿನ ಗಿರಣಿಯಂತೆ ಒಂದೇ ಸಮನೆ ಸದ್ದು ಮಾಡುತ್ತದೆ, ಇಲ್ಲವೇ ಪ್ರೊಸೆಸರ್ ಕಾದರೂ ನಿಧಾನವಾಗಿಯೇ ತಿರುಗುತ್ತದೆ. ಎರಡಕ್ಕೂ ಹೊಸ ಫ್ಯಾನ್ ಕೊಳ್ಳುವುದೇ ದಾರಿ ಎಂದು ನಂಬಿ ಒಮ್ಮೆ ನಾನೂ ಹಣ ಕಳೆದುಕೊಂಡಿದ್ದೇನೆ. ದೋಷವಿದ್ದದ್ದು ಮದರ್‌ಬೋರ್ಡಿನ ಒಂದು ಸೆಟ್ಟಿಂಗ್‌ನಲ್ಲಿ.

ಮೊದಲು ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಫ್ಯಾನಿಗೆ ಎಷ್ಟು ವೈರ್‌ಗಳಿವೆ ಎಂದು ಎಣಿಸಬೇಕು. ಮೂರು ವೈರ್‌ಗಳಿದ್ದರೆ ಒಂದು ಅರ್ಥ್, ಒಂದು 12 ವೋಲ್ಟ್, ಇನ್ನೊಂದು ಫ್ಯಾನ್ ಎಷ್ಟು ಸುತ್ತುತ್ತಿದೆ ಎಂಬುದನ್ನು ಬೋರ್ಡಿಗೆ ತಿಳಿಸುವಂಥದ್ದು. ಇಂಥ ಫ್ಯಾನಿನ ವೇಗವನ್ನು ವೋಲ್ಟೇಜ್ ಏರಿಳಿಸಿಯೇ ಬದಲಿಸಬೇಕು. ನಾಲ್ಕನೆಯ ವೈರ್ ಇದ್ದರೆ 12 ವೋಲ್ಟ್ ಹಾಗೆಯೇ ಇದ್ದು, ಸೆಕೆಂಡಿಗೆ ಸುಮಾರು 25,000 ಸಲ ಮಿಡಿಯುವ ಪಿಡಬ್ಲ್ಯೂಎಂ ಸಂಕೇತ ಆ ವೈರ್‌ನಲ್ಲಿ ಬಂದು ವೇಗವನ್ನು ನಿರ್ಧರಿಸುತ್ತದೆ.

ಎಡವುವುದು ಇಲ್ಲಿಯೇ. ಮೂರು ವೈರ್‌ಗಳ ಫ್ಯಾನ್ ನಾಲ್ಕು ಪಿನ್ನಿನ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಆ ಜಾಗ ಪಿಡಬ್ಲ್ಯೂಎಂ ವಿಧಾನದಲ್ಲಿದ್ದರೆ ಬೋರ್ಡು ಪೂರ್ತಿ 12 ವೋಲ್ಟ್ ಕೊಡುತ್ತಲೇ ಇರುತ್ತದೆ, ನಿಧಾನಿಸು ಎಂಬ ಸಂಕೇತವನ್ನು ಕೇಳುವ ವೈರ್ ಫ್ಯಾನಿನಲ್ಲಿ ಇರುವುದೇ ಇಲ್ಲ. ಆದ್ದರಿಂದ ಕಂಪ್ಯೂಟರ್ ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯಾಸ್ (ಬೋರ್ಡಿನ ಮೂಲ ಸೆಟ್ಟಿಂಗ್ ಪುಟಗಳು) ಒಳಹೊಕ್ಕು, ಫ್ಯಾನಿನ ಪುಟದಲ್ಲಿ (ಏಸಸ್ ಬೋರ್ಡುಗಳಲ್ಲಿ ಇದರ ಹೆಸರು ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್) ಮೂರು ವೈರ್‌ಗಳ ಫ್ಯಾನಿಗೆ ಡಿಸಿ (ವೋಲ್ಟೇಜ್ ಏರಿಳಿಸುವ ವಿಧಾನ), ನಾಲ್ಕರದಕ್ಕೆ ಪಿಡಬ್ಲ್ಯೂಎಂ ಎಂದು ಆರಿಸಬೇಕು. ನಾಲ್ಕು ವೈರ್‌ಗಳ ಫ್ಯಾನನ್ನು ಡಿಸಿಯಲ್ಲಿ ಬಿಟ್ಟರೆ ಕಡಿಮೆ ವೋಲ್ಟೇಜಿನಲ್ಲಿ ಅದು ತಡವರಿಸಿ ನಿಂತುಬಿಡಬಹುದು.

ಇಷ್ಟಾದರೂ ವೇಗ ಇಳಿಯದಿದ್ದರೆ, ಫ್ಯಾನಿನ ವೈರ್ ಬೋರ್ಡಿಗೆ ಹೋಗದೆ ನೇರವಾಗಿ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ದೊಡ್ಡ ಕನೆಕ್ಟರಿಗೆ ಸೇರಿದೆಯೇ ನೋಡಬೇಕು. ಹಾಗಿದ್ದರೆ ಅದನ್ನು ನಿಯಂತ್ರಿಸುವವರೇ ಇಲ್ಲ. ಫ್ಯಾನ್ ತಿರುಗುತ್ತಿದ್ದರೂ ಪರದೆಯ ಮೇಲೆ ಸಿಪಿಯು ಫ್ಯಾನ್ ದೋಷವೆಂಬ ಸೂಚನೆ ಬಂದರೆ, ಪ್ರೊಸೆಸರ್ ಫ್ಯಾನನ್ನು ಯಾರೋ ಕ್ಯಾಬಿನೆಟ್ ಫ್ಯಾನಿನ ಪಿನ್ನುಗಳಿಗೆ ಚುಚ್ಚಿರಬಹುದು, ಇಲ್ಲವೇ ವೇಗ ತಿಳಿಸುವ ವೈರ್ ಕಡಿದಿರಬಹುದು. ಒಂದೇ ಜಾಗದಿಂದ ಕವಲು ತೆಗೆದು ಹಲವು ಫ್ಯಾನ್ ಹಾಕಿದ್ದರೆ ಪ್ರತಿಯೊಂದರ ಲೇಬಲ್ ಮೇಲಿನ ಆಂಪಿಯರ್ ಕೂಡಿಸಿ ನೋಡಬೇಕು. ಸಾಮಾನ್ಯ ಬೋರ್ಡುಗಳಲ್ಲಿ ಒಂದು ಜಾಗದ ಮಿತಿ 1 ಆಂಪಿಯರ್.

ಎಲ್ಲ ಸರಿಪಡಿಸಿದ ಮೇಲೂ ಕೆಲವರ ಕಂಪ್ಯೂಟರು ಮರುದಿನ ಮತ್ತೆ ಹಳೆಯ ಚಾಳಿಗೇ ಮರಳುತ್ತದೆ. ಇದಕ್ಕೆ ಕಾರಣ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್ 2032 ಸೆಲ್ ಖಾಲಿಯಾಗಿರುವುದು ಇರಬಹುದು. ರಾತ್ರಿ ಅಂಗಡಿಯ ಮೇನ್ ಸ್ವಿಚ್ ಆರಿಸಿ ಹೋಗುವವರಲ್ಲಿ ಮತ್ತು ಕರೆಂಟ್ ಪದೇ ಪದೇ ಹೋಗುವ ಕಡೆ ಇದು ಬೇಗ ಬಯಲಾಗುತ್ತದೆ. ಏಕೆಂದರೆ ಕರೆಂಟ್ ಇರುವವರೆಗೆ ಬೋರ್ಡಿಗೆ ಸೆಲ್ಲಿನ ಹಂಗಿಲ್ಲ, ಕರೆಂಟ್ ಪೂರ್ತಿ ಕಡಿದಾಗ ಮಾತ್ರ ಗಡಿಯಾರ ಅದರ ಮೇಲೆಯೇ ನಡೆಯುತ್ತದೆ. ಹಲವು ಬೋರ್ಡುಗಳಲ್ಲಿ ಸೆಟ್ಟಿಂಗ್‌ಗಳು ಉಳಿಯುವುದೂ ಅದರಿಂದಲೇ. ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಅನುಮಾನವೇ ಬೇಡ, 3 ವೋಲ್ಟಿನ ಹೊಸ ಸೆಲ್ ಹಾಕಿ ಸೆಟ್ಟಿಂಗ್‌ಗಳನ್ನು ಮತ್ತೊಮ್ಮೆ ಉಳಿಸಬೇಕು.

ಇನ್ನು ಬಯಾಸಿನ ಅದೇ ಪುಟದಲ್ಲಿರುವ, ತಾಪಕ್ಕೆ ತಕ್ಕಂತೆ ವೇಗ ಏರುವ ರೇಖೆಯ ವಿಚಾರ. ಫ್ಯಾನ್ ಎಷ್ಟೇ ಬೀಸಿದರೂ ಕೋಣೆಯ ಗಾಳಿಗಿಂತ ಪ್ರೊಸೆಸರನ್ನು ತಂಪು ಮಾಡಲಾರದು. ಡಿಸೆಂಬರಿನಲ್ಲಿ 40 ಡಿಗ್ರಿಯಿಂದ ವೇಗ ಏರುವಂತೆ ಇಟ್ಟ ರೇಖೆ, ಕೋಣೆಯೇ 38 ಡಿಗ್ರಿ ಇರುವ ಬೇಸಿಗೆಯಲ್ಲಿ ಕಂಪ್ಯೂಟರ್ ಸುಮ್ಮನೆ ಕುಳಿತಾಗಲೂ ಫ್ಯಾನನ್ನು ಓಡಿಸುತ್ತದೆ. ಆದ್ದರಿಂದ ನಮ್ಮ ಭಾಗಕ್ಕೆ 55 ಡಿಗ್ರಿಯವರೆಗೆ ಶೇ 40, 70ಕ್ಕೆ ಶೇ 70, 80ಕ್ಕೆ ಪೂರ್ಣ ವೇಗ ಎಂದಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವೇಗ ಕ್ಷಣಕ್ಷಣಕ್ಕೂ ಏರಿಳಿದು ಗುಂಯ್‌ಗುಟ್ಟುತ್ತಿದ್ದರೆ, ಬದಲಾವಣೆಗೆ ಕೆಲವು ಸೆಕೆಂಡುಗಳ ತಡ ಕೊಡುವ ಆಯ್ಕೆ ಹೆಚ್ಚಿನ ಬಯಾಸ್‌ಗಳಲ್ಲಿದೆ. ವಿಂಡೋಸ್‌ನಲ್ಲಿ ಫ್ಯಾನ್ ನಿಯಂತ್ರಿಸುವ ಎರಡು ಸಾಫ್ಟ್‌ವೇರ್‌ಗಳಿದ್ದರೆ ಒಂದನ್ನು ತೆಗೆಯಬೇಕು.

ಬೇಳೆ ಮಿಲ್ಲಿನ ಹೊಟ್ಟು, ಶಹಾಬಾದ್ ಕಲ್ಲು ಕೊರೆಯುವ ಕಡೆಯ ನುಣುಪು ಧೂಳು ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ನ ಪದರಗಳಲ್ಲಿ ಮೆತ್ತಿಕೊಂಡರೆ ಯಾವ ಸೆಟ್ಟಿಂಗೂ ಫಲ ಕೊಡದು. ಬ್ಲೋವರ್‌ನಿಂದ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಬೇರಿಂಗ್ ಕೆಡಬಹುದು, ಮೋಟಾರೇ ವಿದ್ಯುತ್ ಹುಟ್ಟಿಸಿ ಬೋರ್ಡಿಗೆ ತಳ್ಳಲೂಬಹುದು.

ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಮಾಡದೆ ಮಧ್ಯಾಹ್ನ ಮೂರರ ಹೊತ್ತಿಗೆ, ಭಾರದ ಕೆಲಸವೊಂದನ್ನು ಹದಿನೈದು ನಿಮಿಷ ಓಡಿಸಿ, ತಾಪ ಮತ್ತು ಸುತ್ತುಗಳೆರಡನ್ನೂ ನೋಡುತ್ತ ಮಾಡಬೇಕು. ತಾಪ ಏರಿದಂತೆ ಸುತ್ತುಗಳೂ ಏರಿದರೆ ನಿಯಂತ್ರಣ ಸರಿಯಾಗಿದೆ. ಫ್ಯಾನ್ ಪೂರ್ಣ ವೇಗದಲ್ಲಿದ್ದರೂ ತಾಪ 90 ದಾಟುತ್ತಿದ್ದರೆ ಹೀಟ್‌ಸಿಂಕ್ ಸಡಿಲವಾಗಿರಬಹುದು ಅಥವಾ ಅದರಡಿಯ ಥರ್ಮಲ್ ಪೇಸ್ಟ್ (ಬಿಸಿ ದಾಟಿಸುವ ಲೇಪ) ಒಣಗಿರಬಹುದು ಎಂದು ತಿಳಿದು, ಅದನ್ನು ಬಿಚ್ಚಿ ಹೊಸ ಪೇಸ್ಟ್ ಹಚ್ಚುವ ಕೆಲಸಕ್ಕೆ ಕೈ ಹಾಕಬೇಕು.