ರೇಡಿಯೋ 4ರ ಇಡೀ ದಿನ ಒಂದು ಸೆಕೆಂಡೂ ಬಿಡದೆ ರೆಕಾರ್ಡ್ ಮಾಡಿದ್ದು: ನನ್ನ ಅನುಭವ

ಕೊನೆಗೂ ಆಯ್ತು. ಐದು ವಾರದಿಂದ ದಿನಾ ಬೆಳಿಗ್ಗೆ 5ರಿಂದ ರಾತ್ರಿ 1ರವರೆಗೆ ಬಿಬಿಸಿಯ ಮಾತಿನ ಚಾನೆಲ್ ರೇಡಿಯೋ 4 ನಮ್ಮನೇಲಿ ತಾನಾಗೇ ರೆಕಾರ್ಡ್ ಆಗ್ತಿದೆ, ಮಧ್ಯೆ ಎಲ್ಲೂ ತುಂಡಾಗಿಲ್ಲ. ಆಗಲ್ಲ ಅಂದವರೇ ಜಾಸ್ತಿ, ಅದಕ್ಕೇ ಬರೀತಿದೀನಿ.

ನಾನಿರೋದು ಕೊವೆಂಟ್ರಿ, ಕೆಲಸ ನೈಟ್ ಶಿಫ್ಟ್. ಊರೆಲ್ಲ ಅದರ ಬೆಳಗಿನ ನ್ಯೂಸ್ ಕಾರ್ಯಕ್ರಮ ಟುಡೇ ಕೇಳ್ತಾ ಕಾಫಿ ಕುಡಿಯೋ ಹೊತ್ತಿಗೆ ನಾನು ಮಲಗ್ತೀನಿ, ಏಳೋದು ಸಂಜೆ ನಾಲ್ಕಕ್ಕೆ. ಬಿಬಿಸಿ ಆಪಲ್ಲಿ ಎಲ್ಲ ಸಿಗುತ್ತಲ್ಲ ಮಾರಾಯ ಅಂತ ಫ್ರೆಂಡ್ಸ್ ಹೇಳಿದ್ದೇ ಹೇಳಿದ್ದು. ಸಿಗುತ್ತೆ, ಆದ್ರೆ ಬಿಡಿ ಬಿಡಿಯಾಗಿ. ನನಗೆ ಬೇಕಿದ್ದು ದಿನ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗೋ ಮುಂಚೆ ಅನೌನ್ಸರ್ ಹೇಳೋ ಎರಡು ಮಾತು, ಗಂಟೆಗೆ ಸರಿಯಾಗಿ ಬೀಳೋ ಪಿಪ್ಸ್ (ಟೈಮ್ ಹೇಳೋ ಬೀಪ್ ಸದ್ದು), ಸಂಜೆ 6ಕ್ಕೆ ಲೈವ್ ಬಿಗ್ ಬೆನ್, ಹಿಂದೆನೇ ನ್ಯೂಸ್. ಅದೇ ಇಲ್ಲದಿದ್ರೆ ರೇಡಿಯೋ ಕೇಳಿದ ಹಾಗೇ ಆಗಲ್ಲ ನನಗೆ. ಚಿಕ್ಕವನಿದ್ದಾಗ ಮೈಸೂರಲ್ಲಿ ಆಕಾಶವಾಣಿ ಹಾಗೇ ಕೇಳಿ ಬೆಳೆದವನು, ಬೆಳಗಿನ ಟ್ಯೂನ್‌ನಿಂದ ಹಿಡಿದು ಕೊನೆವರೆಗೆ ಒಂದೇ ಉಸಿರಲ್ಲಿ.

ಮೊದಲು ಎಫ್‌ಎಂ ಹಿಡಿದೆ, ಸಟನ್ ಕೋಲ್ಡ್‌ಫೀಲ್ಡ್ ಟವರಿಂದು, 92.7. ಸೆಕೆಂಡ್ ಹ್ಯಾಂಡ್ ಟ್ಯೂನರ್ 40 ಪೌಂಡ್ ಕೊಟ್ಟು ತಂದಿದ್ದು ಎರಡೇ ವಾರಕ್ಕೆ ಸತ್ತೋಯ್ತು, ಆ ದುಡ್ಡು ಹೋದಂಗೇ. ಆಮೇಲೆ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್, ಅದಕ್ಕೆ ಚುಚ್ಚಿ ರೇಡಿಯೋ ಹಿಡಿಯೋ ಒಂದು ಎಸ್‌ಡಿಆರ್ ಡಾಂಗಲ್. ಮೊದಲ ದಿನ ಐದಕ್ಕೆ ಶುರುವಾಗಿದ್ದು ಹನ್ನೊಂದೂ ಮುಕ್ಕಾಲಿಗೆ ನಿಂತಿತ್ತು. ಎರಡನೇ ದಿನಾನೂ ಅಷ್ಟೊತ್ತಿಗೇ. ಬಿಸಿಯಾಗಿ ನಿಲ್ತಿದೆ ಅಂದ್ಕೊಂಡು ಫ್ಯಾನ್ ತಂದೆ, 12 ಪೌಂಡ್, ಆದ್ರೂ ಅಷ್ಟೇ. ನೋಡಿದ್ರೆ ವೇವ್ ಫೈಲು (ಕುಗ್ಗಿಸದ ಆಡಿಯೋ) 4 ಜಿಬಿ ಮುಟ್ಟಿ ನಿಲ್ತಾ ಇತ್ತು, ಅದಕ್ಕಿಂತ ದೊಡ್ಡದಾಗಲ್ಲ. ದಿನಪೂರ್ತಿ ಸ್ಟೀರಿಯೋ ಅಂದ್ರೆ 12 ಜಿಬಿ ಹತ್ರ ಬೇಕು, ಗಂಟೆಗೊಂದು ಫೈಲ್ ಮಾಡಿದ ಮೇಲೆ ಸರಿಹೋಯ್ತು.

ಆದ್ರೆ ಎಫ್‌ಎಂನಲ್ಲಿ ಸೊರ್ ಸೊರ್ ಸದ್ದು, ಮಾತು ಕೇಳೋವಾಗ ತಲೆನೋವು. ಅದಕ್ಕೆ ಇನ್ನೊಂದು ಡಾಂಗಲ್ ತಂದು ಡ್ಯಾಬ್‌ಗೆ, ಅಂದ್ರೆ ಡಿಜಿಟಲ್ ರೇಡಿಯೋಗೆ ಹೋದೆ, ಅದರಲ್ಲಿ ಬಿಬಿಸಿದು 12ಬಿ ಅನ್ನೋ ಬ್ಲಾಕು. ಸೌಂಡ್ ಕ್ಲೀನ್. ಫೈಲೂ ಚಿಕ್ಕದು, ದಿನಕ್ಕೆ ಒಂದೂವರೆ ಜಿಬಿ ಒಳಗೇ. ಆದ್ರೆ ಡ್ಯಾಬ್ ಕೆಟ್ರೆ ಪೂರ್ತಿ ಕೆಡುತ್ತೆ, ನೀರು ಕುದ್ದ ಹಾಗೆ ಬುಳಬುಳ ಅಂದು ಹತ್ತು ಸೆಕೆಂಡ್ ಮಾಯ. ದಿನಕ್ಕೆ ಏಳೆಂಟು ಸಲ. ನಮ್ಮ ಅಡುಗೆಮನೆ ಎಲ್‌ಇಡಿ ಬಲ್ಬು ಬದಲಾಯಿಸಿದ ಮೇಲೆ ಮೂರ್ನಾಲ್ಕಕ್ಕೆ ಇಳೀತು, ಅಲ್ಲಿಗೇ ನಿಂತೋಯ್ತು.

ಆಗ ಹೊಳೆದಿದ್ದು ಎರಡೂ ಒಟ್ಟಿಗೆ ರೆಕಾರ್ಡ್ ಮಾಡೋದು, ಡ್ಯಾಬ್‌ನಲ್ಲಿ ತೂತು ಬಿದ್ದ ಕಡೆ ಎಫ್‌ಎಂ ತೇಪೆ ಹಾಕೋದು. ಇದು ಆಗೋದೇ ಇಲ್ಲ ಅಂತ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಬ್ರು ಸಾಧಿಸಿದ್ರು. ಅವರು ಹೇಳಿದ್ದು ಸುಳ್ಳಲ್ಲ, ಡ್ಯಾಬ್ ಎಫ್‌ಎಂಗಿಂತ ಹಿಂದೆ ಇರುತ್ತೆ, ನನ್ನ ಸೆಟ್ಟಲ್ಲಿ ಎರಡೂವರೆ ಸೆಕೆಂಡ್ ಹತ್ರ, ಅದೂ ಸಿಗ್ನಲ್ ಹೋಗಿ ಬಂದಾಗೆಲ್ಲ ಒಂಚೂರು ಬದಲಾಗುತ್ತೆ. ಅದಕ್ಕೆ ಪಿಪ್ಸನ್ನೇ ಹಿಡ್ಕೊಂಡೆ. 1924ರಿಂದ ಬರ್ತಿರೋ ಸದ್ದು, ಐದು ಚಿಕ್ಕದು, ಆರನೇದು ಉದ್ದ, ಒಂದು ಕಿಲೋಹರ್ಟ್ಸ್, ಉದ್ದದ್ದು ಶುರುವಾಗೋ ಕ್ಷಣವೇ ಗಂಟೆ. ಎರಡೂ ಫೈಲಲ್ಲಿ ಅದನ್ನ ಸ್ಕ್ರಿಪ್ಟ್ ಹುಡುಕುತ್ತೆ, ವ್ಯತ್ಯಾಸ ಅಳೆಯುತ್ತೆ, ಆ ಗಂಟೆಯ ತೇಪೆಗಳಿಗೆ ಅದೇ ಲೆಕ್ಕ. ಗಂಟೆ ಮಧ್ಯೆ ಲೆಕ್ಕ ಜರುಗಿದ್ರೆ ಏನು ಮಾಡ್ತೀನಿ, ಮಧ್ಯಾಹ್ನದ ನಾಟಕದಲ್ಲಿ ಬರೋ ಫೋನು, ಅಲಾರಂ ಸದ್ದನ್ನ ಪಿಪ್ಸ್ ಅಂದ್ಕೊಳ್ಳದ ಹಾಗೆ ಹೇಗೆ ಮಾಡಿದೆ, ಇದೆರಡು ಇಲ್ಲಿ ಹೇಳಲ್ಲ. ಎರಡು ತಿಂಗಳು ನಿದ್ದೆ ಕೆಟ್ಟಿದೀನಿ ಅದಕ್ಕೆ.

ಸಂಜೆ 6ಕ್ಕೂ ಮಧ್ಯರಾತ್ರಿಗೂ ಪಿಪ್ಸ್ ಇರಲ್ಲ, ಬಿಗ್ ಬೆನ್ ಹೊಡೆಯುತ್ತೆ. ನಿಜವಾದ ಗಡಿಯಾರ, ನಿಜವಾದ ಮೈಕು, ಅದರ ನಾದ ಸ್ಕ್ರಿಪ್ಟಿಗೆ ಸಿಕ್ಕಲ್ಲ. ಅಲ್ಲಿ ಹಿಂದಿನ ಗಂಟೆ ಲೆಕ್ಕವನ್ನೇ ಮುಂದುವರಿಸ್ತೀನಿ. ಇನ್ನೊಂದು ಪೆಟ್ಟು ಬಿದ್ದಿದ್ದು ಅಕ್ಟೋಬರ್ ಕೊನೇಲಿ. ಊರಿಗೆ ಫೋನ್ ಮಾಡೋಕೆ ಅನುಕೂಲ ಅಂತ ಪೈನಲ್ಲಿ ಇಂಡಿಯಾ ಟೈಮ್ ಇಟ್ಟಿದ್ದೆ, ಇಲ್ಲಿ ಗಡಿಯಾರ ಹಿಂದೆ ಹೋದಾಗ ಅದು ಹೋಗಲಿಲ್ಲ, ಒಂದು ಗಂಟೆ ಮುಂಚೆನೇ ಶುರುವಾಗಿ ಮುಂಚೆನೇ ಮುಗೀತು, ಮೂರು ರಾತ್ರಿಯ ಶಿಪ್ಪಿಂಗ್ ಫೋರ್‌ಕಾಸ್ಟ್ (ಹಡಗುಗಳಿಗೆ ಹೇಳೋ ಸಮುದ್ರದ ಹವಾಮಾನ) ಹೋಯ್ತು. ಬೇರೆ ಏನು ಹೋಗಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ.

ರಾತ್ರಿ 12:48ರ ಆ ಹವಾಮಾನಕ್ಕೇ ನಾನು ರೇಡಿಯೋ 4ಗೆ ಬಿದ್ದಿದ್ದು. ವೈಕಿಂಗ್, ಡಾಗರ್, ಜರ್ಮನ್ ಬೈಟ್ ಅಂತ ಬ್ರಿಟನ್ ಸುತ್ತ 31 ಸಮುದ್ರ ಪ್ರದೇಶದ ಹೆಸರು ಒಂದೊಂದಾಗಿ ಓದ್ತಾರೆ, ನಿಧಾನಕ್ಕೆ, ಮಂತ್ರ ಹೇಳಿದ ಹಾಗೆ. ಆಮೇಲೆ ರಾಷ್ಟ್ರಗೀತೆ, ಒಂದು ಗಂಟೆಗೆ ವರ್ಲ್ಡ್ ಸರ್ವಿಸ್. ಅಪ್ಪ ಆರು ತಿಂಗಳು ಬಂದಿದ್ದಾಗ ಇಂಗ್ಲಿಷ್ ಅರ್ಧಂಬರ್ಧ ತಿಳಿದ್ರೂ ಇದನ್ನ ಮಾತ್ರ ಮತ್ತೆ ಹಾಕೋ ಅಂತಿದ್ರು.

ಮಧ್ಯೆ ಲಾಂಗ್‌ವೇವೂ (ತುಂಬಾ ದೂರ ಮುಟ್ಟೋ ಹಳೇ ಕಾಲದ ರೇಡಿಯೋ ಪ್ರಸಾರ) ಪ್ರಯತ್ನ ಮಾಡಿದೆ, ಡ್ರಾಯ್ಟ್‌ವಿಚ್ ಟವರಿಂದು, 198 ಕಿಲೋಹರ್ಟ್ಸ್. ಆಂಟೆನಾಗೆ ಫೆರೈಟ್ ಕಡ್ಡಿಗೆ ನಾನೇ ತಂತಿ ಸುತ್ತಿದೆ. ಮನೇಲಿ ರೂಟರ್ ಸದ್ದಲ್ಲಿ ಏನೂ ಕೇಳಲ್ಲ, ಕೆನಾಲ್ ಪಕ್ಕ ಹೋಗಿ ನಿಂತ್ರೆ ಗಂಟೆ ಹೊಡೆದ ಹಾಗೆ ಸ್ಪಷ್ಟ. ಅದರ ಕ್ಯಾರಿಯರ್ (ಸದ್ದು ಹೊತ್ತು ತರೋ ಅಲೆ) ರುಬಿಡಿಯಂ ಪರಮಾಣು ಗಡಿಯಾರದಿಂದ ನಡೆಯೋದು, ಅಷ್ಟು ಕರಾರುವಾಕ್. 2024 ಏಪ್ರಿಲ್‌ನಿಂದ ಅದರಲ್ಲಿ ಬೇರೆ ಕಾರ್ಯಕ್ರಮ ಬರೋದು ನಿಂತಿದೆ, ಎಫ್‌ಎಂನಲ್ಲಿ ಬರೋದೇ ಬರುತ್ತೆ. ಲಾಂಗ್‌ವೇವ್ ಪೂರ್ತಿ ಮುಚ್ಚೋ ಮುಂಚೆ ಒಂದಿಡೀ ದಿನ ಅದರಲ್ಲೂ ಹಿಡೀಬೇಕು ಅಂತಿದೆ, ಬ್ಯಾಟರಿ ಒಂದು ತಗೋಬೇಕು.

ಒಟ್ಟು ಖರ್ಚು 200 ಪೌಂಡ್ ಹತ್ರ, ಹಾಳಾದ ಟ್ಯೂನರ್, ಫ್ಯಾನ್ ಸೇರಿ. ಈಗ ಸಂಜೆ ನಾಲ್ಕಕ್ಕೆ ಎದ್ದು ಕಾಫಿಗೆ ಇಟ್ಟು ಪ್ಲೇ ಒತ್ತಿದ್ರೆ ಬೆಳಿಗ್ಗೆ ಆರರ ಪಿಪ್ಸ್ ಬೀಳುತ್ತೆ, ಕೆಲಸಕ್ಕೆ ಹೊರಡೋ ಹೊತ್ತಿಗೆ ನನಗೆ ಬೆಳಿಗ್ಗೆ ಹತ್ತರ ವುಮನ್ಸ್ ಅವರ್ ಶುರುವಾಗಿರುತ್ತೆ.